ಬಣ್ಣ ಹೋಯಿತು, ನೀರು ಶುದ್ಧವಾಯಿತೇ? ಡೈ ನೀರಿಗೆ ಬ್ಯಾಕ್ಟೀರಿಯಾ ಬಳಸುವ ಕ್ರಮ

ಮೊದಲ ಸಲ ಈ ಪ್ರಯೋಗ ಮಾಡಿದಾಗ ನಾನು ಎರಡು ಫ್ಲಾಸ್ಕ್‌ಗಳಲ್ಲಿ ಕೆಂಪು ಡೈ ನೀರು ತುಂಬಿ, ಎರಡಕ್ಕೂ ಒಂದೇ ಬ್ಯಾಕ್ಟೀರಿಯಾ ಹಾಕಿದ್ದೆ. ಒಂದನ್ನು ಶೇಕರ್ ಮೇಲಿಟ್ಟೆ. ಚೆನ್ನಾಗಿ ಗಾಳಿ ಸಿಗಲಿ, ಚೆನ್ನಾಗಿ ಬೆಳೆಯಲಿ ಅಂತ. ಇನ್ನೊಂದಕ್ಕೆ ಶೇಕರ್‌ನಲ್ಲಿ ಜಾಗ ಇರಲಿಲ್ಲ. ಮೂಲೆಯಲ್ಲಿಟ್ಟು ಮರೆತುಬಿಟ್ಟೆ. ಮೂರು ದಿನ ಕಳೆದು ನೋಡಿದರೆ ಕುಲುಕಿದ್ದು ಕೆಂಪಗೇ ಇತ್ತು. ಮೂಲೆಯಲ್ಲಿದ್ದದ್ದು ಹೆಚ್ಚುಕಡಿಮೆ ತಿಳಿಯಾಗಿತ್ತು.

ಈ ಕೆಲಸದ ಅರ್ಧ ಗುಟ್ಟು ಅಲ್ಲೇ ಇದೆ: ಬಣ್ಣ ತೆಗೆಯಬೇಕಾದರೆ ಗಾಳಿ ಬೇಡ. ಉಳಿದ ಅರ್ಧ ಗುಟ್ಟು ನನಗೆ ತಿಳಿಯಲು ಜಾಸ್ತಿ ದಿನ ಹಿಡಿಯಿತು. ಆ ತಿಳಿಯಾದ ನೀರನ್ನು ನಂಬಬಾರದು. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ಇಟಿಪಿ (ಕಾರ್ಖಾನೆಯ ಕೊಳಚೆ ನೀರು ಶುದ್ಧ ಮಾಡುವ ಘಟಕ) ನೋಡಿಕೊಳ್ಳುವವರು ಇಬ್ಬರೂ ಹೆಚ್ಚಾಗಿ ಎಡವುವುದು ಈ ಎರಡು ಕಡೆಯೇ. ಹಾಗಾಗಿ ಫ್ಲಾಸ್ಕ್‌ನಿಂದ ಟ್ಯಾಂಕ್‌ವರೆಗಿನ ದಾರಿಯನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು, ಬಣ್ಣ ಹೋಗುವುದು ಹೇಗೆ?

ಜವಳಿಗೆ ಬಳಸುವ ಡೈಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಜೋ ಜಾತಿಯವು. ಇವುಗಳ ಅಣುವಿನ ನಡುವೆ ಎರಡು ನೈಟ್ರೋಜನ್ ಪರಮಾಣುಗಳು ಜೋಡಿ ಬಂಧದಲ್ಲಿ ಕೈಹಿಡಿದುಕೊಂಡಿರುತ್ತವೆ. ಬಣ್ಣ ಕಾಣುವುದಕ್ಕೆ ಆ ಬಂಧವೇ ಮುಖ್ಯ ಕಾರಣ. ಅದು ಮುರಿದರೆ ಡೈ ಎರಡು ತುಂಡಾಗುತ್ತದೆ, ಬಣ್ಣ ಹೋಗುತ್ತದೆ.

ಒಂದು ಅಜೋ ಬಂಧ ಪೂರ್ತಿ ಮುರಿಯಲು ನಾಲ್ಕು ಎಲೆಕ್ಟ್ರಾನ್ ಬೇಕು. ಬ್ಯಾಕ್ಟೀರಿಯಾ ಆಹಾರ ತಿಂದಾಗ ಈ ಎಲೆಕ್ಟ್ರಾನ್‌ಗಳು ಸಿಗುತ್ತವೆ. ಅವನ್ನು ಅದು ಯಾರಿಗಾದರೂ ದಾಟಿಸಲೇಬೇಕು. ಪಕ್ಕದಲ್ಲಿ ಆಮ್ಲಜನಕ ಇದ್ದರೆ ಅದಕ್ಕೇ ಕೊಡುತ್ತದೆ, ಡೈ ಕಡೆ ತಿರುಗಿಯೂ ನೋಡುವುದಿಲ್ಲ. ಆಮ್ಲಜನಕ ಮುಗಿದ ಮೇಲೆ ಡೈಗೆ ಪಾಳಿ ಬರುತ್ತದೆ. ಗಾಳಿ ಇದ್ದರೂ ಅಜೋ ಬಂಧ ಮುರಿಯುವ ಬ್ಯಾಕ್ಟೀರಿಯಾಗಳೂ ಇವೆ, ಆದರೆ ಅವು ಅಪರೂಪ. ಅವನ್ನು ನಂಬಿ ಟ್ಯಾಂಕ್ ಕಟ್ಟಬೇಡಿ.

ಮುರಿದ ಮೇಲೆ ಉಳಿಯುವ ತುಂಡುಗಳು ಆರೊಮ್ಯಾಟಿಕ್ ಅಮೀನ್‌ಗಳು. ಹೆಚ್ಚಿನವಕ್ಕೆ ಬಣ್ಣ ಇಲ್ಲ. ಆದರೆ ಕೆಲವು ಮೂಲ ಡೈಗಿಂತ ಹೆಚ್ಚು ವಿಷಕಾರಿ. ಕಾಂಗೋ ರೆಡ್ ಮುರಿದರೆ ಬೆಂಜಿಡೀನ್ ಬರುತ್ತದೆ, ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ರಾಸಾಯನಿಕ ಎಂದು ಸಾಬೀತಾಗಿದೆ. ಇಂಥ 22 ಅಮೀನ್‌ಗಳನ್ನು ಬಿಡುವ ಅಜೋ ಡೈಗಳನ್ನು ಮೈಗೆ ತಾಗುವ ಬಟ್ಟೆಗಳಲ್ಲಿ ಬಳಸದಂತೆ ಯುರೋಪಿಯನ್ ಒಕ್ಕೂಟ 2002ರಲ್ಲಿ ನಿರ್ಬಂಧ ತಂದಿತು.

ಈ ಅಮೀನ್‌ಗಳನ್ನು ತಿಂದು ಮುಗಿಸುವ ಕೆಲಸಕ್ಕೆ ಗಾಳಿ ಬೇಕು. ಅಂದರೆ ಮೊದಲು ಉಸಿರು ಕಟ್ಟಿಸಬೇಕು, ಆಮೇಲೆ ಉಸಿರು ಕೊಡಬೇಕು. ಈ ಕ್ರಮ ತಿರುಗುಮುರುಗಾದರೆ ಬಣ್ಣ ಹೋದರೂ ಅಮೀನ್‌ಗಳು ಹಾಗೇ ಉಳಿಯುತ್ತವೆ. ಬರೀ ಏರೇಶನ್ ಟ್ಯಾಂಕ್ ಇರುವ ಕಡೆ ಡೈ ಹಾಗೇ ಹೊರಗೆ ಹೋಗುವುದು, ಇಲ್ಲವೇ ಕೆಸರಿಗೆ (ಟ್ಯಾಂಕಿನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಮುದ್ದೆಗೆ) ಅಂಟಿಕೊಂಡು ಕೂರುವುದು ಗಾಳಿ ಇಲ್ಲದ ಆ ಮೊದಲ ಹಂತ ಇಲ್ಲದ ಕಾರಣಕ್ಕೆ.

1. ನಿಮ್ಮ ನೀರಿನ ಜಾತಕ ನೋಡಿ

ಬ್ಯಾಕ್ಟೀರಿಯಾ ಹುಡುಕುವ ಮೊದಲು ಡೈ ಪಟ್ಟಿ ತರಿಸಿಕೊಳ್ಳಿ. ಯಾವ ಡೈ, ಯಾವ ವರ್ಗ, ದಿನಕ್ಕೆ ಎಷ್ಟು? ಅಜೋ ಆದರೆ ಈ ದಾರಿ ಒಳ್ಳೆಯದು. ಟರ್ಕಾಯ್ಸ್ ನೀಲಿಗಳಲ್ಲಿ ಬಳಸುವ ತಾಮ್ರದ ಥ್ಯಾಲೋಸಯನಿನ್ ಡೈಗಳನ್ನು ಬ್ಯಾಕ್ಟೀರಿಯಾ ಸುಲಭಕ್ಕೆ ಮುರಿಯುವುದಿಲ್ಲ. ಅಂಥ ನೀರಿಗೆ ಬೇರೆ ಉಪಾಯ ಬೇಕು. ಕ್ರೋಮಿಯಂ, ತಾಮ್ರದಂಥ ಲೋಹಗಳನ್ನು ಯಾವ ಜೀವಿಯೂ ಇಲ್ಲವಾಗಿಸಲಾರದು. ಹೆಚ್ಚೆಂದರೆ ನೀರಿನಿಂದ ಕೆಸರಿಗೆ ದಾಟಿಸುತ್ತದೆ, ಅಷ್ಟೇ.

ಇಂಡಿಗೋ ವಿಷಯ ಸ್ವಲ್ಪ ಮಜವಾಗಿದೆ. ಗಾಳಿ ಇಲ್ಲದ ಕಡೆ ಬ್ಯಾಕ್ಟೀರಿಯಾ ಅದನ್ನು ಹಳದಿ-ಹಸಿರು ರೂಪಕ್ಕೆ ತಿರುಗಿಸುತ್ತದೆ. ಗಾಳಿ ಸೋಕಿದ ಕೂಡಲೇ ಮತ್ತೆ ನೀಲಿ! ಹಿಂದಿನ ಕಾಲದ ನೀಲಿ ಬಣ್ಣದವರು ಹುದುಗು ತೊಟ್ಟಿಯಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಬ್ಯಾಕ್ಟೀರಿಯಾ ಅನ್ನುವ ಹೆಸರು ಗೊತ್ತಿಲ್ಲದಿದ್ದರೂ ಅದರ ಕೈಯಲ್ಲಿ ಕೆಲಸ ಮಾಡಿಸಿಕೊಂಡಿದ್ದರು. ನಮಗೆ ಪಾಠ ಏನೆಂದರೆ, ಮುಚ್ಚಿದ ಬಾಟಲಿಯಲ್ಲಿ ಇಂಡಿಗೋ ಮಾಯವಾದರೆ ಅದು ಮುರಿದಿದೆ ಅಂತ ಅರ್ಥವಲ್ಲ.

ಆಮೇಲೆ ಪಿಎಚ್, ಉಷ್ಣತೆ, ಉಪ್ಪು, ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾದ ಆಮ್ಲಜನಕ), ಬಿಒಡಿ (ಅದನ್ನು ಜೀವಿಗಳು ತಿನ್ನಲು ಬೇಕಾದ ಆಮ್ಲಜನಕ), ನೈಟ್ರೋಜನ್, ರಂಜಕ ಅಳೆಯಿರಿ. ರಿಯಾಕ್ಟಿವ್ ಡೈ (ಹತ್ತಿ ನೂಲಿನ ಜೊತೆ ರಾಸಾಯನಿಕವಾಗಿ ಬೆಸೆಯುವ ಡೈ) ಹಾಕಿ ಬಟ್ಟೆ ಅದ್ದುವ ತೊಟ್ಟಿಯ ನೀರಿನಲ್ಲಿ ಲೀಟರಿಗೆ 40ರಿಂದ 100 ಗ್ರಾಂ ಉಪ್ಪು ಇರುವುದು ಮಾಮೂಲು. ಅದನ್ನು ನೇರವಾಗಿ ಜೈವಿಕ ಟ್ಯಾಂಕಿಗೆ ಬಿಟ್ಟರೆ ಕೆಸರು ನಲುಗಿಹೋಗುತ್ತದೆ. ಆ ಉಪ್ಪುನೀರಿಗೆ ಬೇರೆ ಪೈಪ್ ಹಾಕುವುದೇ ಜಾಣತನ.

ಇನ್ನೂ ಒಂದು ಇದೆ. ಎಲ್ಲರೂ ಮರೆಯುವುದು ಇದನ್ನೇ: ಬ್ಲೀಚಿಂಗ್‌ನಿಂದ ಬರುವ ಪೆರಾಕ್ಸೈಡ್ ಮತ್ತು ಕ್ಲೋರಿನ್. ಇವು ಬ್ಯಾಕ್ಟೀರಿಯಾ ಕೊಲ್ಲುವ ವಸ್ತುಗಳು. ಒಂದು ಟೆಸ್ಟ್ ಸ್ಟ್ರಿಪ್ ಅದ್ದಿ ನೋಡುವುದಕ್ಕೆ ನಿಮಿಷವೂ ಬೇಡ. "ಬ್ಯಾಕ್ಟೀರಿಯಾ ಕೆಲಸ ಮಾಡಲಿಲ್ಲ" ಎಂದು ಕೈಬಿಡುವ ಮುಂಚೆ ಅದು ಬದುಕಿತ್ತೇ ಅಂತ ನೋಡಬೇಕಲ್ವಾ?

2. ಹೆಪ್ಪು ಎಲ್ಲಿಂದ ತರುವುದು

ಪೊಟ್ಟಣದಲ್ಲಿ ಬರುವ ರೆಡಿಮೇಡ್ ಬ್ಯಾಕ್ಟೀರಿಯಾಕ್ಕೆ ಮೊದಲೇ ದುಡ್ಡು ಸುರಿಯಬೇಡಿ. ಡೈ ನೀರು ಬಹಳ ಕಾಲದಿಂದ ಹರಿದ ಚರಂಡಿಯ ಕೆಸರು, ಇಟಿಪಿಯ ತಳದ ಕೆಸರು, ಅಲ್ಲಿನ ಮಣ್ಣು ಇವುಗಳಲ್ಲೇ ನಿಮಗೆ ಬೇಕಾದ ಜೀವಿಗಳು ಇರುತ್ತವೆ. ಆ ವಿಷದಲ್ಲಿ ಬದುಕುವುದನ್ನು ಅವು ಆಗಲೇ ಕಲಿತಿವೆ.

ಒಂದು ಗ್ರಾಂ ಕೆಸರನ್ನು ಲೀಟರಿಗೆ 50 ಮಿಲಿಗ್ರಾಂ ಡೈ ಸೇರಿಸಿದ 100 ಮಿಲಿಲೀಟರ್ ನ್ಯೂಟ್ರಿಯೆಂಟ್ ಬ್ರಾತ್‌ಗೆ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವಕ್ಕೆ) ಹಾಕಿ. 30ರಿಂದ 37 ಡಿಗ್ರಿಯಲ್ಲಿ ಅಲುಗಾಡಿಸದೆ ಇಡಿ. ಪಾತ್ರೆಯ ಕತ್ತಿನವರೆಗೂ ತುಂಬಿದರೆ ಒಳಗೆ ಗಾಳಿಗೆ ಜಾಗ ಇರುವುದಿಲ್ಲ. ಬಣ್ಣ ಇಳಿದ ಮೇಲೆ ಅದರಿಂದ 10 ಮಿಲಿಲೀಟರ್ ತೆಗೆದು ಹೊಸ ಡೈ ಬ್ರಾತ್‌ಗೆ ಹೆಪ್ಪು ಹಾಕಿ. ಹೀಗೇ ನಾಲ್ಕೈದು ಸಲ. ಪ್ರತಿ ಸಲ ಡೈ ಸ್ವಲ್ಪ ಏರಿಸಿ: 50, 100, 200, ಹಾಗೆ. ಜೊತೆಗೆ ಬ್ರಾತ್ ಕಡಿಮೆ ಮಾಡುತ್ತಾ ನಿಮ್ಮ ನಿಜವಾದ ನೀರನ್ನು ಹೆಚ್ಚಿಸುತ್ತಾ ಹೋಗಿ. ಬ್ರಾತ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಕಾರ್ಖಾನೆ ನೀರಿನಲ್ಲಿ ಸುಮ್ನೆ ಕೂರುವುದು ತೀರಾ ಸಾಮಾನ್ಯ.

ಒಂದೇ ಜಾತಿಯನ್ನು ಬೇರ್ಪಡಿಸಬೇಕೇ? ಪ್ರಾಜೆಕ್ಟ್‌ಗಾದರೆ ಹೌದು. ಡೈ ಸೇರಿಸಿದ ಅಗರ್ ಪ್ಲೇಟ್ ಮೇಲೆ ಗೀರಿ, ಯಾವ ಕಾಲೊನಿಯ ಸುತ್ತ ಬಣ್ಣ ಮಾಸುತ್ತದೋ ಅದನ್ನು ಆರಿಸಿಕೊಳ್ಳಿ. ಅದು ಯಾರು ಅಂತ 16ಎಸ್ ಜೀನ್ ಓದಿಸಿ ತಿಳಿಯಬಹುದು. ಬ್ಯಾಸಿಲಸ್, ಸ್ಯೂಡೋಮೊನಾಸ್, ಶೆವನೆಲ್ಲಾ ಕುಲದವು ಹೀಗೆ ಆಗಾಗ ಸಿಗುತ್ತವೆ. ಸ್ಯೂಡೋಮೊನಾಸ್ ಎರುಜಿನೋಸಾ ಸಿಕ್ಕಿದರೆ ಹುಷಾರು. ದುರ್ಬಲ ಆರೋಗ್ಯ ಇರುವವರಿಗೆ ಅದು ಸೋಂಕು ತರುತ್ತದೆ, ದೊಡ್ಡ ಪ್ರಮಾಣದಲ್ಲಿ ಬೆಳೆಸಿ ಟ್ಯಾಂಕಿಗೆ ಸುರಿಯಬಾರದು.

ಟ್ಯಾಂಕಿಗಾದರೆ ನನ್ನ ಮತ ಮಿಶ್ರ ಕೆಸರಿಗೇ. ಕಾರ್ಖಾನೆಯ ನೀರು ದಿನಕ್ಕೊಂದು ಬಣ್ಣ. ಒಬ್ಬನೇ ಪೈಲ್ವಾನ್ ಎಲ್ಲರ ಜೊತೆ ಕುಸ್ತಿ ಆಡಲಾರ. ಒಂದು ಜಾತಿ ಬಂಧ ಮುರಿದರೆ ಇನ್ನೊಂದು ತುಂಡು ತಿನ್ನುತ್ತದೆ.

3. ಫ್ಲಾಸ್ಕ್ ಪರೀಕ್ಷೆ: ಇಲ್ಲಿ ಆತುರ ಬೇಡ

ಒಂದೇ ಫ್ಲಾಸ್ಕ್ ಇಟ್ಟು ಬಣ್ಣ ಹೋಯಿತು ಅಂದರೆ ಅದು ಪ್ರಯೋಗವಲ್ಲ. ಮೂರು ಇಡಿ. ಒಂದರಲ್ಲಿ ಬದುಕಿರುವ ಬ್ಯಾಕ್ಟೀರಿಯಾ. ಇನ್ನೊಂದರಲ್ಲಿ ಅಷ್ಟೇ ಪ್ರಮಾಣದ, ಆದರೆ ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯ ಪಾತ್ರೆಯಲ್ಲಿ) 121 ಡಿಗ್ರಿಗೆ 15 ನಿಮಿಷ ಇಟ್ಟು ಸಾಯಿಸಿದ ಬ್ಯಾಕ್ಟೀರಿಯಾ. ಮೂರನೆಯದರಲ್ಲಿ ಬ್ಯಾಕ್ಟೀರಿಯಾ ಇಲ್ಲದ ಡೈ ನೀರು.

ಸತ್ತ ಬ್ಯಾಕ್ಟೀರಿಯಾದ ಫ್ಲಾಸ್ಕ್‌ನಲ್ಲೂ ಬಣ್ಣ ಇಳಿದರೆ, ಅದು ಬರೀ ಅಂಟಿಕೊಂಡಿದೆ ಎಂದರ್ಥ. ಬ್ಯಾಕ್ಟೀರಿಯಾ ಇಲ್ಲದ ಫ್ಲಾಸ್ಕ್‌ನಲ್ಲೂ ಇಳಿದರೆ ನೀರಿನಲ್ಲೇ ಏನೋ ಇದೆ. ಕಾರ್ಖಾನೆಯಲ್ಲಿ ಬಳಸುವ ಹೈಡ್ರೋಸ್ (ಬಣ್ಣ ಕೀಳುವ ಸೋಡಿಯಂ ಡೈಥಿಯೊನೈಟ್) ಉಳಿದಿದ್ದರೆ ಅದೇ ಬಣ್ಣ ಕೀಳುತ್ತದೆ, ಹೆಸರು ಮಾತ್ರ ಬ್ಯಾಕ್ಟೀರಿಯಾಕ್ಕೆ.

ನಿಗದಿತ ಸಮಯಕ್ಕೆ ಸ್ವಲ್ಪ ಸ್ವಲ್ಪ ತೆಗೆದು ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ನೋಡಿ. ಡೈ ಅತಿ ಹೆಚ್ಚು ಬೆಳಕು ಹೀರುವ ತರಂಗಾಂತರದಲ್ಲೇ ಓದಬೇಕು. ಕಾಂಗೋ ರೆಡ್‌ಗೆ ಅದು 497 ನ್ಯಾನೋಮೀಟರ್ ಸುಮಾರು, ರಿಯಾಕ್ಟಿವ್ ಬ್ಲ್ಯಾಕ್ 5ಕ್ಕೆ 597 ಸುಮಾರು. ಲೆಕ್ಕ ಸುಲಭ. ಮೊದಲ ಓದು 1.20, ಕೊನೆಯದು 0.18 ಎಂದುಕೊಳ್ಳಿ. ವ್ಯತ್ಯಾಸ 1.02. ಅದನ್ನು 1.20ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ. 85 ಬಣ್ಣ ಹೋಗಿದೆ.

ತಳದಲ್ಲಿ ಕೂತ ಬ್ಯಾಕ್ಟೀರಿಯಾ ಗುಡ್ಡೆಯನ್ನು ಎಸೆಯಬೇಡಿ. ಅದು ಕೆಂಪಗಿದೆಯೇ? ಹಾಗಾದರೆ ಡೈ ಅಲ್ಲಿ ಅಡಗಿದೆ. ಮೆಥನಾಲ್‌ನಲ್ಲಿ ಕದಡಿದರೆ ಅಂಟಿದ ಬಣ್ಣ ಎಷ್ಟೋ ಮಟ್ಟಿಗೆ ಹೊರಗೆ ಬರುತ್ತದೆ.

ಇನ್ನೊಂದು ಮೋಸ ಪಿಎಚ್‌ನದು. ಸಕ್ಕರೆ ತಿಂದ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತದೆ. ಮೀಥೈಲ್ ರೆಡ್, ಮೀಥೈಲ್ ಆರೆಂಜ್‌ನಂಥವು ಪಿಎಚ್ ಬದಲಾದರೆ ತಾವೂ ಬಣ್ಣ ಬದಲಿಸುತ್ತವೆ. ಆದ್ದರಿಂದ ಎಲ್ಲ ಮಾದರಿಗಳನ್ನೂ ಒಂದೇ ಪಿಎಚ್‌ಗೆ ತಂದು ಓದಿ.

4. ತಿನ್ನಲು ಏನು ಕೊಡಬೇಕು

ಎಲೆಕ್ಟ್ರಾನ್ ಬರುವುದು ಆಹಾರದಿಂದ ಅಂದೆನಲ್ಲ. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಡೈ ಆಹಾರವಲ್ಲ, ಬೇರೆ ಏನಾದರೂ ಬೇಕು. ಲ್ಯಾಬ್‌ನಲ್ಲಿ ಗ್ಲೂಕೋಸ್, ಯೀಸ್ಟ್ ಎಕ್ಸ್‌ಟ್ರಾಕ್ಟ್ ಕೊಡುತ್ತಾರೆ. ಕಾರ್ಖಾನೆಯಲ್ಲಿ ಅದಕ್ಕೆ ದುಡ್ಡು ಯಾರು ಕೊಡುತ್ತಾರೆ? ಡಿಸೈಜಿಂಗ್ ವಿಭಾಗದಿಂದ (ನೇಯ್ಗೆಗೆ ನೂಲಿಗೆ ಹಚ್ಚಿದ ಗಂಜಿ ತೊಳೆಯುವ ಕಡೆಯಿಂದ) ಬರುವ ಗಂಜಿ ನೀರನ್ನು ನೋಡಿ. ಅದರಲ್ಲಿ ಪಿಷ್ಟ ತುಂಬಿರುತ್ತದೆ. ಬೇರೆ ಕಡೆ ತಲೆನೋವಾಗುವ ಆ ನೀರು ಇಲ್ಲಿ ಊಟ. ಪಾಲಿವಿನೈಲ್ ಆಲ್ಕೊಹಾಲ್ ಗಂಜಿಯಾದರೆ ಮಾತ್ರ ಇಷ್ಟು ಸಲೀಸಲ್ಲ, ಬ್ಯಾಕ್ಟೀರಿಯಾ ಅದನ್ನು ನಿಧಾನಕ್ಕೆ ಮುರಿಯುತ್ತದೆ.

ರಿಯಾಕ್ಟಿವ್ ಡೈಗಳ ಅಣುಗಳು ದೊಡ್ಡವು, ಸಲ್ಫೋನೇಟ್ ಎಂಬ ವಿದ್ಯುದಾವೇಶದ ಗುಂಪುಗಳನ್ನು ಹೊತ್ತವು. ಜೀವಕೋಶದ ಪೊರೆ ದಾಟಿ ಒಳಗೆ ಹೋಗುವುದು ಕಷ್ಟ. ಹಾಗಾದರೆ ಮುರಿಯುವುದು ಹೇಗೆ? ರೈಬೋಫ್ಲೇವಿನ್‌ನಂಥ ಸಣ್ಣ ಅಣುಗಳು ಒಳಗಿನಿಂದ ಎಲೆಕ್ಟ್ರಾನ್ ಹೊತ್ತು ತಂದು ಹೊರಗಿರುವ ಡೈಗೆ ಕೊಟ್ಟು ಹಿಂದಿರುಗುತ್ತವೆ. ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ. ಯೀಸ್ಟ್ ಎಕ್ಸ್‌ಟ್ರಾಕ್ಟ್ ಹಾಕಿದಾಗ ಬಣ್ಣ ಬೇಗ ಹೋಗುವುದಕ್ಕೆ ಅದರಲ್ಲಿರುವ ಈ ಅಣುಗಳೂ ಒಂದು ಕಾರಣ.

ನೈಟ್ರೋಜನ್, ರಂಜಕಗಳ ಲೆಕ್ಕವೂ ಬೇಕು. ಗಾಳಿ ಹಂತಕ್ಕೆ ಬಿಒಡಿ, ನೈಟ್ರೋಜನ್, ರಂಜಕ 100:5:1 ಎನ್ನುವುದು ಹಳೆಯ ಅಂದಾಜು. ಬಿಒಡಿ ಲೀಟರಿಗೆ 400 ಮಿಲಿಗ್ರಾಂ ಇದ್ದರೆ ಸಾವಿರ ಲೀಟರಿಗೆ 20 ಗ್ರಾಂ ನೈಟ್ರೋಜನ್, 4 ಗ್ರಾಂ ರಂಜಕ. ಅಂದರೆ 20 ಗ್ರಾಂ ಡಿಎಪಿ, 36 ಗ್ರಾಂ ಯೂರಿಯಾ. ಪ್ರಿಂಟಿಂಗ್‌ನಲ್ಲಿ ಯೂರಿಯಾ ಬಳಸುವ ಘಟಕವಾದರೆ ನೈಟ್ರೋಜನ್ ನೀರಿನಲ್ಲಿ ಆಗಲೇ ಇರುತ್ತದೆ. ಅಳೆಯದೆ ಸುರಿಯಬೇಡಿ. ಗಾಳಿ ಇಲ್ಲದ ಹಂತಕ್ಕೆ ಇವೆರಡೂ ಇನ್ನೂ ಕಡಿಮೆ ಸಾಕು.

5. ನೀರಿನ ಹದ

ಡೈ ನೀರು ಬಿಸಿಯಾಗಿ ಬರುತ್ತದೆ, ಪಿಎಚ್ ಹೆಚ್ಚಾಗಿ 10ರ ಮೇಲಿರುತ್ತದೆ. 40 ಡಿಗ್ರಿಗಿಂತ ಕೆಳಗೆ ಇಳಿಸಿ, ಪಿಎಚ್ 7ರ ಆಸುಪಾಸಿಗೆ ತನ್ನಿ. ಈಕ್ವಲೈಸೇಶನ್ ಟ್ಯಾಂಕ್ (ಬೇರೆ ಬೇರೆ ಹೊತ್ತಿನ ನೀರನ್ನು ಕೂಡಿಸಿ ಒಂದೇ ಹದಕ್ಕೆ ತರುವ ತೊಟ್ಟಿ) ದೊಡ್ಡದಿದ್ದಷ್ಟೂ ಒಳ್ಳೆಯದು. ಬೆಳಿಗ್ಗೆ ಕಪ್ಪು, ಸಂಜೆ ಗುಲಾಬಿ ಬಂದರೂ ಒಳಗಿನ ಜೀವಿಗಳಿಗೆ ಗೊತ್ತಾಗಬಾರದು.

ಪಿಎಚ್ ಇಳಿಸಲು ಸಲ್ಫ್ಯೂರಿಕ್ ಆಮ್ಲ ಹಾಕುವುದು ರೂಢಿ. ನನಗೆ ಅದು ಇಷ್ಟವಿಲ್ಲ. ಅದರ ಸಲ್ಫೇಟ್ ಗಾಳಿ ಇಲ್ಲದ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಉಪ್ಪಿನ ಬದಲು ಗ್ಲಾಬರ್ ಸಾಲ್ಟ್ (ಸೋಡಿಯಂ ಸಲ್ಫೇಟ್) ಬಳಸುವ ಘಟಕದಲ್ಲಂತೂ ಇದು ಇನ್ನೂ ಜಾಸ್ತಿ. ಸಾಧ್ಯವಿದ್ದರೆ ಇಂಗಾಲದ ಡೈಆಕ್ಸೈಡ್ ಹಾಯಿಸಿ. ಬಾಯ್ಲರ್ ಹೊಗೆಯನ್ನು ತೊಳೆದು ಬಳಸುವವರೂ ಇದ್ದಾರೆ.

ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯದು. ವಾಸನೆ ನಿಂತರೆ ಅಪಾಯ ಹೋಯಿತು ಅಂದುಕೊಳ್ಳಬೇಡಿ. ಪ್ರಮಾಣ ಹೆಚ್ಚಾದಾಗ ಮೂಗೇ ಅದನ್ನು ಗುರುತಿಸುವುದನ್ನು ಬಿಡುತ್ತದೆ. ಮುಚ್ಚಿದ ಟ್ಯಾಂಕಿಗೆ ಗ್ಯಾಸ್ ಮೀಟರ್, ಉಸಿರಾಟದ ಸಲಕರಣೆ, ಹೊರಗೆ ಕಾವಲು ಇಲ್ಲದೆ ಯಾರೂ ಇಳಿಯಬಾರದು. ಒಳಗೆ ಬಿದ್ದವರನ್ನು ಎತ್ತಲು ಹಾಗೇ ಇಳಿದವರೂ ಸತ್ತಿದ್ದಾರೆ.

6. ಗಾಳಿ ಇಲ್ಲದೆ, ಆಮೇಲೆ ಗಾಳಿಯಲ್ಲಿ

ಎರಡು ಟ್ಯಾಂಕ್ ಇದ್ದರೆ ಸರಿ. ಒಂದೇ ಇದ್ದರೂ ಪಾಳಿ ಹಾಕಿ ನಡೆಸಬಹುದು, ಇದಕ್ಕೆ ಎಸ್‌ಬಿಆರ್ ಅನ್ನುತ್ತಾರೆ. ಒಂದು ದಿನದ ಪಾಳಿಯ ಮಾದರಿ ಹೀಗಿರಬಹುದು: ತುಂಬಲು 1 ಗಂಟೆ, ಗಾಳಿ ಇಲ್ಲದೆ ನಿಧಾನಕ್ಕೆ ಕಲಕುತ್ತಾ 12 ಗಂಟೆ, ಬ್ಲೋವರ್ ಹಾಕಿ 8 ಗಂಟೆ, ಕೆಸರು ಕೂರಲು 2 ಗಂಟೆ, ಮೇಲಿನ ನೀರು ತೆಗೆಯಲು 1 ಗಂಟೆ. ನಿಮ್ಮ ಫ್ಲಾಸ್ಕ್‌ನಲ್ಲಿ ಬಣ್ಣ ಎಷ್ಟು ಗಂಟೆಗೆ ಇಳಿಯಿತೋ ಅದನ್ನು ನೋಡಿ ಈ ಹಂಚಿಕೆ ಬದಲಿಸಿ.

ಮೊದಲ ಹಂತದಲ್ಲಿ ಕಲಕುವುದು ಬೇಕು, ಗುಳ್ಳೆ ಬೇಡ. ಎರಡನೇ ಹಂತದಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಸುತ್ತ ಇರಲಿ. ಅಮೀನ್ ತಿನ್ನುವ ಜೀವಿಗಳು ನಿಧಾನಸ್ಥರು. ಕೆಸರನ್ನು ಬೇಗ ಬೇಗ ಹೊರಹಾಕಿದರೆ ಅವು ಬೆಳೆಯುವ ಮೊದಲೇ ಟ್ಯಾಂಕ್ ಬಿಟ್ಟು ಹೋಗುತ್ತವೆ. ಕೆಸರಿನ ವಯಸ್ಸು (ಅದು ಟ್ಯಾಂಕಿನಲ್ಲಿ ಸರಾಸರಿ ಉಳಿಯುವ ಕಾಲ) ಎರಡು ವಾರಕ್ಕಿಂತ ಕಡಿಮೆ ಆಗದಂತೆ ನೋಡಿಕೊಳ್ಳಿ.

ಫ್ಲಾಸ್ಕ್‌ನಿಂದ ನೇರ ಟ್ಯಾಂಕಿಗೆ ಹಾರಬೇಡಿ. 5 ಲೀಟರಿನ ಜಾರ್, ಆಮೇಲೆ 200 ಲೀಟರಿನ ಡ್ರಮ್, ಆಮೇಲೆ ಟ್ಯಾಂಕ್. ಪ್ರತಿ ಸಲ ಹತ್ತನೇ ಒಂದು ಭಾಗ ಹೆಪ್ಪು ಇದ್ದರೆ ಒಳ್ಳೆಯದು, ಡ್ರಮ್‌ಗೆ, ಟ್ಯಾಂಕಿಗೆ ಅಷ್ಟು ಹೊಂದಿಸಲು ಯಾವುದಾದರೂ ಇಟಿಪಿಯ ಹಳೆ ಕೆಸರನ್ನೂ ಸೇರಿಸಿಕೊಳ್ಳಿ. ಟ್ಯಾಂಕಿನಲ್ಲಿ ಮೊದಲ ವಾರ ಡೈ ನೀರು ಕಾಲು ಭಾಗ, ಉಳಿದದ್ದು ಮನೆಬಳಕೆಯ ಕೊಳಚೆ ನೀರು ಅಥವಾ ಗಂಜಿ ನೀರು. ಬಣ್ಣ ಇಳಿಯುವ ಪ್ರಮಾಣ ಕೆಲವು ದಿನ ಒಂದೇ ಸಮ ನಿಂತ ಮೇಲೆ ಅರ್ಧ, ಆಮೇಲೆ ಮುಕ್ಕಾಲು. ಹೀಗೆ ಪಳಗಿಸಲು ವಾರಗಳು ಹಿಡಿಯುತ್ತವೆ, ಗಾಳಿ ಇಲ್ಲದ ಟ್ಯಾಂಕಾದರೆ ಒಂದೆರಡು ತಿಂಗಳೂ ಆಗಬಹುದು. ಇಲ್ಲಿ ಅವಸರ ಮಾಡಿದವರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ.

7. ಶುದ್ಧವಾಗಿದೆಯೇ ಅಂತ ತಿಳಿಯುವುದು

ಒಂದು ಬೀಕರಿನಲ್ಲಿ ಮೊದಲ ಹಂತದ ತಿಳಿನೀರು ಹಾಕಿ ಒಂದು ದಿನ ಗಾಳಿಗೆ ತೆರೆದಿಡಿ. ಕಂದು ಅಥವಾ ನೇರಳೆ ಛಾಯೆ ಬಂತೇ? ಕೆಲವು ಅಮೀನ್‌ಗಳು ಆಮ್ಲಜನಕ ಸೋಕಿದರೆ ತಾವೇ ಹೊಸ ಬಣ್ಣವಾಗುತ್ತವೆ. ರಿಯಾಕ್ಟಿವ್ ಬ್ಲ್ಯಾಕ್ 5 ಇದಕ್ಕೆ ಒಳ್ಳೆಯ ಉದಾಹರಣೆ.

ಆಮೇಲೆ 200ರಿಂದ 800 ನ್ಯಾನೋಮೀಟರ್‌ವರೆಗೆ ಪೂರ್ತಿ ಸ್ಕ್ಯಾನ್ ಮಾಡಿ. ಮೊದಲ ಹಂತ ಮುಗಿದಾಗ ಕಣ್ಣಿಗೆ ಕಾಣುವ ಬಣ್ಣದ ಶಿಖರ ಬಿದ್ದು, 250–300ರ ಸುತ್ತ ಉಬ್ಬು ಉಳಿದಿರುತ್ತದೆ ಅಥವಾ ಹೊಸದಾಗಿ ಏಳುತ್ತದೆ. ಅದು ಅಮೀನ್‌ನ ಉಂಗುರಗಳ ಗುರುತು. ಗಾಳಿ ಹಂತದ ಮೇಲೆ ಆ ಉಬ್ಬೂ ಇಳಿಯಬೇಕು, ಜೊತೆಗೆ ಸಿಒಡಿಯೂ ಇಳಿಯಬೇಕು. ಬಣ್ಣ ಶೇ. 95 ಹೋಗಿ ಸಿಒಡಿ ಜಾಗ ಬಿಟ್ಟು ಕದಲದಿದ್ದರೆ ನೀವು ಡೈಯನ್ನು ತುಂಡು ಮಾಡಿದ್ದೀರಿ, ಅಷ್ಟೇ. ಯಾವ ಅಮೀನ್ ಉಳಿದಿದೆ ಅಂತ ಖಚಿತವಾಗಿ ಹೇಳಲು ಎಚ್‌ಪಿಎಲ್‌ಸಿ (ದ್ರವದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇರುವ ಲ್ಯಾಬ್ ಬೇಕು.

ಕಡಿಮೆ ಖರ್ಚಿನ ಪರೀಕ್ಷೆಯೂ ಒಂದಿದೆ. ಮೂರು ತಟ್ಟೆಗಳಲ್ಲಿ ಹತ್ತು ಹತ್ತು ಹೆಸರುಕಾಳು ಇಡಿ. ಒಂದಕ್ಕೆ ಸಾದಾ ನೀರು, ಒಂದಕ್ಕೆ ಕಚ್ಚಾ ಡೈ ನೀರು, ಇನ್ನೊಂದಕ್ಕೆ ಶುದ್ಧ ಮಾಡಿದ ನೀರು. ಎಷ್ಟು ಮೊಳೆತವು, ಬೇರು ಎಷ್ಟು ಉದ್ದ ಬಂತು ಅಳೆಯಿರಿ. ಮೊದಲ ಹಂತದ ನೀರಿಗೂ ಒಂದು ತಟ್ಟೆ ಇಟ್ಟು ನೋಡಿ. ತಿಳಿಯಾಗಿ ಕಂಡ ನೀರು ಕಾಳಿಗೆ ಏನು ಮಾಡಿತು ಅಂತ ಅದು ಹೇಳುತ್ತದೆ. ಉಪ್ಪು ಹೆಚ್ಚಿದ್ದರೂ ಮೊಳಕೆ ಕುಂದುತ್ತದೆ ಅನ್ನುವುದು ನೆನಪಿರಲಿ. ಪರೀಕ್ಷೆ ಮುಗಿದ ಕಾಳನ್ನು ಪ್ರಾಣಿಗಳಿಗೂ ಹಾಕಬಾರದು.

ಸಲ್ಫೋನೇಟ್ ಆದ ಕೆಲವು ಅಮೀನ್‌ಗಳು ಗಾಳಿ ಹಂತದಲ್ಲೂ ಜಗ್ಗುವುದಿಲ್ಲ. ಅಂಥ ಕಡೆ ಕೊನೆಯಲ್ಲಿ ಓಝೋನ್ ಅಥವಾ ಆಕ್ಟಿವೇಟೆಡ್ ಕಾರ್ಬನ್ ಬೇಕೇ ಬೇಕು. ಬ್ಯಾಕ್ಟೀರಿಯಾ ದೊಡ್ಡ ಹೊರೆ ಇಳಿಸಿರುವುದರಿಂದ ಅದರ ಖರ್ಚು ಕಡಿಮೆಯಾಗುತ್ತದೆ.

8. ಕೆಟ್ಟರೆ ಎಲ್ಲಿ ನೋಡುವುದು

ಬಣ್ಣ ಇದ್ದಕ್ಕಿದ್ದಂತೆ ಇಳಿಯುವುದು ನಿಂತರೆ ಮೊದಲು ಪೆರಾಕ್ಸೈಡ್, ಆಮೇಲೆ ಪಿಎಚ್, ಆಮೇಲೆ ಆಹಾರ. ನೈಟ್ರೇಟ್ ಹೆಚ್ಚಾದರೂ ಬಣ್ಣ ಇಳಿಯುವುದು ನಿಲ್ಲುತ್ತದೆ, ಏಕೆಂದರೆ ಎಲೆಕ್ಟ್ರಾನ್ ಪಡೆಯುವ ಸಾಲಿನಲ್ಲಿ ಅದು ಡೈಗಿಂತ ಮುಂದೆ ನಿಂತಿರುತ್ತದೆ. ಗಾಳಿ ಟ್ಯಾಂಕಿನಿಂದ ಕೆಸರು ಹಿಂದಕ್ಕೆ ಕಳಿಸುವಾಗ ಅದರ ಜೊತೆ ಆಮ್ಲಜನಕ, ನೈಟ್ರೇಟ್ ಎರಡೂ ಮೊದಲ ಟ್ಯಾಂಕಿಗೆ ಬಂದುಬಿಡುತ್ತವೆ. ಈ ಪೈಪನ್ನು ಯಾರೂ ಅನುಮಾನಿಸುವುದಿಲ್ಲ. ನೀವು ಅನುಮಾನಿಸಿ.

ಕೆಸರು ಕೂರದೆ ತೇಲುತ್ತಿದ್ದರೆ ದಾರದಂಥ ಬ್ಯಾಕ್ಟೀರಿಯಾ ಹೆಚ್ಚಾಗಿರಬಹುದು. ಮೈಕ್ರೋಸ್ಕೋಪ್‌ನಲ್ಲಿ ಕಾಣುತ್ತದೆ. ಆಮ್ಲಜನಕ, ನೈಟ್ರೋಜನ್ ಅಥವಾ ರಂಜಕ ಸಾಲದಿದ್ದಾಗ ಹೀಗಾಗುವುದು ಹೆಚ್ಚು.

ಹೊರತೆಗೆದ ಕೆಸರನ್ನು ಗೊಬ್ಬರ ಅಂತ ಹೊಲಕ್ಕೆ ಹಾಕಬೇಡಿ. ಮುರಿಯದ ಡೈ, ಲೋಹ ಎಲ್ಲ ಅದರಲ್ಲೇ ಇರುತ್ತದೆ. ಅಪಾಯಕಾರಿ ತ್ಯಾಜ್ಯದ ನಿಯಮದಂತೆಯೇ ವಿಲೇವಾರಿ ಮಾಡಬೇಕು. ಲ್ಯಾಬ್‌ನ ಫ್ಲಾಸ್ಕ್‌ಗಳನ್ನು ಆಟೋಕ್ಲೇವ್ ಮಾಡಿ, ಆದರೆ ಆಮೇಲೂ ಸಿಂಕಿಗೆ ಸುರಿಯಬೇಡಿ. ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅಮೀನ್‌ಗಳನ್ನಲ್ಲ. ಆ ನೀರು ರಾಸಾಯನಿಕ ತ್ಯಾಜ್ಯದ ಕ್ಯಾನಿಗೇ ಹೋಗಲಿ. ಡೈ ಪುಡಿ ತೂಗುವಾಗ ಮಾಸ್ಕ್, ಗ್ಲೌಸ್ ಇರಲಿ, ರಿಯಾಕ್ಟಿವ್ ಡೈ ಪುಡಿ ಉಸಿರಿಗೆ ಹೋದರೆ ಕೆಲವರಿಗೆ ಅಸ್ತಮಾ ಶುರುವಾಗುತ್ತದೆ.

ಇನ್ನು ರಜೆ. ಕಾರ್ಖಾನೆ ನಾಲ್ಕು ದಿನ ಮುಚ್ಚಿದರೆ ಕೆಸರೂ ನಾಲ್ಕು ದಿನ ಉಪವಾಸ. ಸೋಮವಾರ ಒಮ್ಮೆಲೇ ಪೂರ್ತಿ ಡೈ ನೀರು ಬಿಟ್ಟರೆ ಅದು ತಡೆದುಕೊಳ್ಳುವುದಿಲ್ಲ. ರಜೆಗೆ ಮುಂಚೆಯೇ ಈಕ್ವಲೈಸೇಶನ್ ಟ್ಯಾಂಕಿನಲ್ಲಿ ಸ್ವಲ್ಪ ಗಂಜಿ ನೀರು ಉಳಿಸಿಟ್ಟುಕೊಳ್ಳಿ. ದಿನಕ್ಕೆ ಮಾಮೂಲಿನ ಐದನೇ ಒಂದು ಭಾಗ ಬಿಡುತ್ತಾ ಬನ್ನಿ, ಬ್ಲೋವರನ್ನು ಪೂರ್ತಿ ನಿಲ್ಲಿಸದೆ ಗಂಟೆಗೊಮ್ಮೆ ಹತ್ತು ನಿಮಿಷ ಓಡಿಸಿ. ಸೋಮವಾರ ಅರ್ಧ ಹೊರೆ, ಬುಧವಾರದ ಹೊತ್ತಿಗೆ ಪೂರ್ತಿ.